ನಿಂತ ಗಾಡಿಯ ಪ್ರಯಾಣ

ನನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ. ಕಾರು ಮಾರುವವರಿಗೆ ಇದು ದೊಡ್ಡ ಕೊರತೆ ಎಂದು ನೀವು ಅಂದುಕೊಳ್ಳಬಹುದು. ಶೋರೂಮಿನವರ ಪಾಲಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಬಂಡವಾಳ ಇರಲಿಲ್ಲ. ಇವರು ಹೇಳಿದ್ದನ್ನು ಜನ ನಂಬುತ್ತಿದ್ದರು, ಏಕೆಂದರೆ ಜನರಿಗಿಂತ ಮೊದಲು ಇವರೇ ನಂಬಿಬಿಟ್ಟಿರುತ್ತಿದ್ದರು. ಕಂಪನಿಯವರು ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನೆಲ್ಲ ಮನೆಗೆ ಬಂದು ನನಗೆ ಒಪ್ಪಿಸುತ್ತಿದ್ದರು. ನಾನು ಪಾತ್ರೆ ತೊಳೆಯುತ್ತ ಹೂಂಗುಟ್ಟುತ್ತಿದ್ದೆ.

ಆ ಡೀಸೆಲ್ ಗಾಡಿ ಬಂದ ವರ್ಷವಂತೂ ಇವರನ್ನು ಹಿಡಿಯುವವರೇ ಇರಲಿಲ್ಲ.

"ಇದರ ಹೊಗೆ ಹೊಗೇನೇ ಅಲ್ಲ ಕಣೇ. ಒಂದು ಫಿಲ್ಟರ್ ಮಸಿ ಹಿಡಿಯುತ್ತೆ. ಆಮೇಲೆ ಇನ್ನೊಂದು ಯಂತ್ರ ಇದೆ, ಅದು ಒಂದು ಥರ ದ್ರವ ಸಿಂಪಡಿಸಿ ಕೆಟ್ಟ ಗಾಳೀನೆಲ್ಲ ತೊಳೆದುಬಿಡುತ್ತೆ. ಒಳಗೆ ಹೋಗೋ ಗಾಳಿಗಿಂತ ಹೊರಗೆ ಬರೋ ಗಾಳಿ ಶುದ್ಧ!"

"ಹಾಗಾದ್ರೆ ಊರಿಗೆಲ್ಲ ಒಂದೊಂದು ಕೊಡ್ಸಿ, ಗಿಡ ನೆಡೋದು ತಪ್ಪುತ್ತೆ," ಎಂದೆ.

ಗಿರಾಕಿಗಳ ಮುಂದೆ ಇವರದೊಂದು ಆಟ ಇತ್ತು. ಎಂಜಿನ್ ಚಾಲೂ ಮಾಡಿ, ಜೇಬಿನಿಂದ ಬಿಳಿ ಕರ್ಚೀಫು ತೆಗೆದು, ಸೈಲೆನ್ಸರಿನ ಬಾಯಿಗೆ ಹಿಡಿಯುವುದು. ಒಬ್ಬರು ಆಕ್ಸಿಲರೇಟರ್ ಒತ್ತಬೇಕು. ಆಮೇಲೆ ಕರ್ಚೀಫನ್ನು ಬಿಡಿಸಿ ತೋರಿಸಿ, ಅದರಲ್ಲೇ ತಮ್ಮ ಮುಖ ಒರೆಸಿಕೊಳ್ಳುವುದು. ಬಂದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರಂತೆ. ಆ ಕರ್ಚೀಫುಗಳನ್ನು ಒಗೆಯುತ್ತಿದ್ದವಳು ನಾನೇ. ಬೆವರಿನ ಕಲೆ ಬಿಟ್ಟರೆ ಬೇರೆ ಕಲೆ ಇರುತ್ತಿರಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ.

ನಾವೂ ಅದೇ ಗಾಡಿ ತೆಗೆದುಕೊಂಡೆವು. ತಾನು ಓಡಿಸದ ಗಾಡಿಯನ್ನು ಇನ್ನೊಬ್ಬರಿಗೆ ಹೇಗೆ ಮಾರಲಿ ಎಂಬುದು ಇವರ ವಾದ. ನಮ್ಮನ್ನು ನೋಡಿ ಪಕ್ಕದ ಮನೆಯ ಮೇಷ್ಟ್ರೂ ತೆಗೆದುಕೊಂಡರು. ಅವರು ಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತರಾದವರು. ಎಲ್ಲದಕ್ಕೂ ಹತ್ತು ಪ್ರಶ್ನೆ ಕೇಳುವವರು, ಇವರ ಮಾತಿಗೆ ಮಾತ್ರ ಒಂದೂ ಕೇಳಲಿಲ್ಲ.

ಅಷ್ಟರಲ್ಲಿ ಅಮ್ಮ ನಮ್ಮ ಜೊತೆ ಇರಲು ಬಂದಳು.

ಅಮ್ಮನಿಗೆ ಮರೆವು. ಕನ್ನಡಕ ಎಲ್ಲಿಟ್ಟೆ ಎಂಬ ಮರೆವಲ್ಲ. ಮನೆ, ವರ್ಷ, ಮುಖ, ಎಲ್ಲ ಒಂದೊಂದಾಗಿ ಕೈಬಿಟ್ಟು ಹೋಗುತ್ತಿದ್ದವು. ನನ್ನನ್ನು ಆಸ್ಪತ್ರೆಯ ನರ್ಸು ಎಂದುಕೊಂಡು "ಸಿಸ್ಟರ್" ಎನ್ನುತ್ತಿದ್ದಳು. ಬೆಳಗಾದರೆ ಕೈಚೀಲ ಹಿಡಿದು ಬಾಗಿಲ ಬಳಿ ನಿಲ್ಲುವಳು.

"ಸಿಸ್ಟರ್, ನಾನು ನನ್ನ ಮಗಳ ಮನೆಗೆ ಹೋಗ್ಬೇಕು. ಕಾಯ್ತಿರ್ತಾಳೆ."

"ನಾನೇ ಅಮ್ಮ ನಿನ್ನ ಮಗಳು. ಇದೇ ನನ್ನ ಮನೆ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೇಜಾರು ಮಾಡಬಾರದೆಂದು ಮೆತ್ತಗೆ ಹೇಳುವಳು: "ನೀವು ತುಂಬಾ ಒಳ್ಳೆಯವ್ರು. ಆದ್ರೆ ನನ್ನ ಮಗಳಿಗೆ ಇಷ್ಟು ತಾಳ್ಮೆ ಇಲ್ಲ."

ನಗಬೇಕೋ ಅಳಬೇಕೋ ತಿಳಿಯದೆ ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ. ಅವಳು ಹೇಳಿದ್ದು ಸುಳ್ಳಲ್ಲ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವಂಥದು. ಸಿಟ್ಟು ಬಂದರೆ ಬೈಯುತ್ತೇನೆ. ಬೈಯಲಾರದಷ್ಟು ಬಂದರೆ ಮಾತು ಬಿಡುತ್ತೇನೆ. ಚಿಕ್ಕಂದಿನಲ್ಲಿ ಅಮ್ಮ ಅದಕ್ಕೇ ನನ್ನನ್ನು ಮೊಂಡಿ ಎಂದು ಕರೆಯುತ್ತಿದ್ದಳು, ಆಮೇಲೆ ಅದೇ ನನ್ನ ಹೆಸರಾಯಿತು.

ಒಂದು ದಿನ ಅವಳ ಗೋಳು ನೋಡಲಾರದೆ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ಸುಮ್ಮನೆ ಒಂದು ಸುತ್ತು ಹಾಕಿಸಿ ತರೋಣ, ಸಮಾಧಾನವಾಗಬಹುದು ಎಂದು. ದೊಡ್ಡ ರಸ್ತೆಗೆ ಬಂದದ್ದೇ ತಡ, ಲಾರಿಗಳ ಸದ್ದಿಗೆ ಬೆದರಿ, ಓಡುತ್ತಿರುವ ಗಾಡಿಯ ಬಾಗಿಲು ತೆಗೆಯಲು ಹೋದಳು. ನನ್ನ ಜೀವವೇ ಬಾಯಿಗೆ ಬಂತು. ಹೇಗೋ ಹಿಂತಿರುಗಿಸಿ, ಮನೆಗೆ ಅಂಟಿಕೊಂಡಿದ್ದ ಶೆಡ್ಡಿನೊಳಗೆ ತಂದು ನಿಲ್ಲಿಸಿದೆ. ಗಾಬರಿಯಲ್ಲಿ ಎಂಜಿನ್ ಆರಿಸುವುದೂ ಮರೆತು ಸ್ಟೀರಿಂಗ್ ಹಿಡಿದು ಕೂತುಬಿಟ್ಟೆ.

ಸ್ವಲ್ಪ ಹೊತ್ತಾದ ಮೇಲೆ ಕನ್ನಡಿಯಲ್ಲಿ ನೋಡಿದರೆ ಅಮ್ಮ ಆರಾಮವಾಗಿ ಒರಗಿ ಕೂತಿದ್ದಾಳೆ. ಸೀಟು ಸಣ್ಣಗೆ ಅದುರುತ್ತಿತ್ತು, ಎಂಜಿನ್ ಗುರುಗುಟ್ಟುತ್ತಿತ್ತು. ಅವಳು ಕಿಟಕಿಯಾಚೆ, ಶೆಡ್ಡಿನ ಗೋಡೆಗೆ ಒರಗಿಸಿದ್ದ ಏಣಿ, ಪೊರಕೆ, ಹಳೆಯ ಬಣ್ಣದ ಡಬ್ಬಗಳನ್ನು ದಾರಿಯ ನೋಟ ನೋಡುವವರ ಹಾಗೆ ನೋಡುತ್ತಿದ್ದಳು. ಚೀಲವನ್ನು ಗಟ್ಟಿಯಾಗಿ ಹಿಡಿದಿದ್ದ ಬೆರಳುಗಳು ಸಡಿಲವಾಗಿದ್ದವು. ನಾನು ಎಂಜಿನ್ ಆರಿಸಿ, ಅವಳ ಬಾಗಿಲು ತೆಗೆದು, ದೀಪ ಹಾಕೋಣವೆಂದು ಅಡುಗೆಮನೆಯ ಕಡೆಯ ಬಾಗಿಲಿನಿಂದ ಒಳಗೆ ಹೋದೆ. ಅಷ್ಟರಲ್ಲಿ ಮುಂದಿನ ಬಾಗಿಲ ಗಂಟೆ ಸದ್ದು ಮಾಡಿತು.

ತೆಗೆದರೆ ಅಮ್ಮ. ತಲೆಗೂದಲು ಸರಿಮಾಡಿಕೊಂಡು, ಚೀಲ ಹಿಡಿದು, ನಗುತ್ತ ನಿಂತಿದ್ದಾಳೆ.

"ಏನೇ ಮೊಂಡೀ, ಬಾಗ್ಲು ತೆಗ್ಯೋಕೆ ಇಷ್ಟು ಹೊತ್ತಾ? ಎಷ್ಟು ಸೊರಗಿದೀಯೇ!"

ಆ ಹೆಸರು ಕಿವಿಗೆ ಬಿದ್ದು ಎಷ್ಟೋ ಕಾಲವಾಗಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟೆ. ಅವಳು ಪ್ರಯಾಣ ಮಾಡಿ ಬಂದಿದ್ದಳು, ಮಗಳ ಮನೆಗೆ ಬಂದಿದ್ದಳು. ಬಾಗಿಲು ತೆಗೆದವಳು ಮಗಳಲ್ಲದೆ ಇನ್ನಾರು?

ಅಂದಿನಿಂದ ಅದೇ ರೂಢಿಯಾಯಿತು. ಸಂಜೆ ಅಮ್ಮ ಶಾಲು ಹೊದ್ದು, ಚಪ್ಪಲಿ ಮೆಟ್ಟಿ ಸಿದ್ಧವಾಗುವಳು. ನಾನು ಶೆಡ್ಡಿನ ಶಟರನ್ನು ಅರ್ಧ ಎತ್ತಿ, ಅವಳನ್ನು ಹಿಂದೆ ಕೂರಿಸಿ, ಎಂಜಿನ್ ಚಾಲೂ ಮಾಡಿ ಮುಂದೆ ಕೂರುವೆ. "ಹೊರಟ್ವಾ ಡ್ರೈವರಮ್ಮ?" "ಹೊರಟ್ವಿ ಅಮ್ಮಾವ್ರೆ." ದಾರಿಯುದ್ದಕ್ಕೂ ಮಗಳ ಗುಣಗಾನ, ಮಗಳ ಮೇಲಿನ ದೂರು, ಎರಡೂ ನಡೆಯುತ್ತಿದ್ದವು. ಮಗಳಿಗೆ ಅಡುಗೆಯಲ್ಲಿ ಉಪ್ಪಿನ ಹದ ಇಂದಿಗೂ ಬಂದಿಲ್ಲವಂತೆ. ಅಳಿಯಂದಿರು ಪಾಪ, ದೇವರಂಥ ಮನುಷ್ಯರಂತೆ. ಅವಳ ಬೆರಳು ಸಡಿಲವಾದದ್ದು ಕಂಡ ಮೇಲೆ ನಾನು ಎಂಜಿನ್ ಆರಿಸಿ, "ಬಂದ್ವಿ ಅಮ್ಮಾವ್ರೆ," ಎಂದು ಇಳಿಸಿ, ಅವಳು ಮುಂಬಾಗಿಲಿಗೆ ಬರುವಷ್ಟರಲ್ಲಿ ಅಡುಗೆಮನೆಯಿಂದ ಓಡಿಹೋಗಿ ಚಿಲಕ ತೆಗೆಯುವೆ. ಟೀ ಕುಡಿದು ಮುಗಿಯುವವರೆಗೆ, ಕೆಲವು ಸಲ ಇನ್ನೂ ಸ್ವಲ್ಪ ಹೊತ್ತು, ನನಗೆ ಅಮ್ಮ ಇರುತ್ತಿದ್ದಳು. ಆಮೇಲೆ ಮತ್ತೆ ನಾನು ಸಿಸ್ಟರ್.

ಶೆಡ್ಡಿನಲ್ಲಿ ಗಾಡಿ ಚಾಲೂ ಇಟ್ಟುಕೊಂಡು ಕೂರುವುದು ಸರಿಯೇ ಎಂದು ಇವರನ್ನು ಕೇಳದೆ ಇರಲಿಲ್ಲ. ಬೇರೆ ಯಾವ ಗಾಡಿಯಾಗಿದ್ದರೂ ಇವರು ಹೌಹಾರುತ್ತಿದ್ದರು. ಆದರೆ ಇದು ಆ ಗಾಡಿ! ನನ್ನ ಕಣ್ಣೆದುರೇ ಕರ್ಚೀಫು ಹಿಡಿದು, ಬಿಡಿಸಿ, ಮುಖ ಒರೆಸಿಕೊಂಡು ತೋರಿಸಿದರು.

"ಶಟರ್ ಪೂರ್ತಿ ಮುಚ್ಚಬೇಡ, ಅಷ್ಟೇ. ಬೀದಿ ಗಾಳಿಗಿಂತ ಇದೇ ವಾಸಿ. ಅತ್ತೆಗೆ ಏನೂ ಆಗಲ್ಲ."

ಸ್ವಂತ ಅತ್ತೆಯ ಉಸಿರಿನ ಮೇಲೆ ಹೇಳಿದ ಮಾತು ಅದು. ಅದಕ್ಕಿಂತ ದೊಡ್ಡ ಪ್ರಮಾಣ ನನಗೆ ಬೇಕಿರಲಿಲ್ಲ.

ಅಮ್ಮನಿಗೆ ಕೆಮ್ಮು ಶುರುವಾದಾಗ ನಾವು ಹವೆಯನ್ನು ದೂರಿದೆವು, ದಿಂಬಿನ ಹತ್ತಿಯನ್ನು ದೂರಿದೆವು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಔಷಧ ಬದಲಿಸಿ, "ಮನೇಲಿ ಯಾರಾದ್ರೂ ಸಿಗರೇಟು ಸೇದ್ತೀರಾ?" ಎಂದರು.

"ಸೊಳ್ಳೆ ಬತ್ತೀನೂ ಹಚ್ಚಲ್ಲ ಡಾಕ್ಟ್ರೆ ನಾವು," ಎಂದು ಇವರು ಎದೆಯುಬ್ಬಿಸಿ ಹೇಳಿದರು.

ಕೆಮ್ಮು ಹೆಚ್ಚುತ್ತ ಹೋಯಿತು. ಪ್ರಯಾಣ ನಿಲ್ಲಲಿಲ್ಲ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತುಂಬಿಕೊಂಡೇ ಅಮ್ಮ ಬಾಗಿಲಲ್ಲಿ ನಿಂತು "ಮೊಂಡೀ" ಎನ್ನುತ್ತಿದ್ದಳು.

ಒಂದು ಸಂಜೆ ನಾವಿಬ್ಬರೂ ಹೀಗೆ ದಾರಿಯಲ್ಲಿದ್ದಾಗ ಅರ್ಧ ಎತ್ತಿದ ಶಟರಿನ ಕೆಳಗೆ ಇವರ ಬೂಟು ಕಾಣಿಸಿತು. ಅಷ್ಟು ಬೇಗ ಮನೆಗೆ ಬರುವವರಲ್ಲ. ಬಗ್ಗಿ ಒಳಗೆ ಬಂದವರು ನನ್ನ ಪಕ್ಕದ ಬಾಗಿಲು ತೆಗೆದು, ಕೈ ತೂರಿಸಿ, ಕೀ ತಿರುಗಿಸಿ ಎಂಜಿನ್ ಆರಿಸಿದರು. ಆಮೇಲೆ ಶಟರನ್ನು ಧಡಾರನೆ ಪೂರ್ತಿ ಎತ್ತಿ, ಹಿಂದಿನ ಬಾಗಿಲುಗಳನ್ನೂ ತೆಗೆದು, ಅಲ್ಲಿದ್ದ ರಟ್ಟಿನ ತುಂಡು ಹಿಡಿದು ಅಮ್ಮನ ಮುಖಕ್ಕೆ ಗಾಳಿ ಹಾಕತೊಡಗಿದರು.

"ಏನ್ರೀ ಇದು?" ಎಂದೆ.

"ಅತ್ತೇನ ಒಳಗೆ ಕರ್ಕೊಂಡು ಹೋಗು. ಆಮೇಲೆ ಹೇಳ್ತೀನಿ."

"ಇನ್ನೂ ಬಂದಿಲ್ವಲ್ಲ, ಆಗ್ಲೇ ಇಳೀಬೇಕಾ?" ಎಂದು ಅಮ್ಮ ಗಾಬರಿಯಾದಳು. ಆ ಸಂಜೆ ಅವಳು ಮಗಳ ಮನೆ ಮುಟ್ಟಲಿಲ್ಲ. ನಾನು ಓಡಿಹೋಗಿ ಬಾಗಿಲು ತೆಗೆದರೂ, "ಸಿಸ್ಟರ್, ಅರ್ಧ ದಾರೀಲೇ ಇಳಿಸಿಬಿಟ್ರು," ಎಂದು ಸಪ್ಪೆ ಮುಖ ಮಾಡಿಕೊಂಡು ಒಳಗೆ ಬಂದಳು.

ಅಡುಗೆಮನೆಯಲ್ಲಿ ಇವರು ನಿಂತೇ ಹೇಳಿದರು. ಮಧ್ಯಾಹ್ನ ಮ್ಯಾನೇಜರು ಮಾರುವವರನ್ನೆಲ್ಲ ಕರೆದು ಕೂರಿಸಿಕೊಂಡಿದ್ದರಂತೆ. ಸರ್ಕಾರದವರು ಗಾಡಿಯನ್ನು ರಸ್ತೆಯಲ್ಲಿ ಓಡಿಸಿ ಪರೀಕ್ಷೆ ಮಾಡಿದ್ದಾರೆ, ನಾಳೆಯೋ ನಾಡಿದ್ದೋ ಪೇಪರಿನಲ್ಲಿ ಬರುತ್ತದೆ. ಮಸಿ ಹಿಡಿಯುವ ಫಿಲ್ಟರ್ ಸರಿಯಾಗಿಯೇ ಇದೆ. ಕೆಟ್ಟ ಗಾಳಿ ತೊಳೆಯುವ ಯಂತ್ರವೇ ಮೋಸ. ಪರೀಕ್ಷೆಯ ಕೋಣೆಯಲ್ಲಿ ಕೆಲಸ ಮಾಡಿ, ರಸ್ತೆಯಲ್ಲಿ ಮುಕ್ಕಾಲು ಪಾಲು ಸುಮ್ಮನಿರುವಂತೆ ಕಂಪನಿಯವರೇ ಅದನ್ನು ಮಾಡಿಟ್ಟಿದ್ದರು. ಗಾಡಿ ನಿಂತಲ್ಲೇ ನಿಂತು ಎಂಜಿನ್ ಓಡುತ್ತಿದ್ದರಂತೂ ಅದು ಪೂರ್ತಿ ಬಂದ್.

"ಕರ್ಚೀಫು?" ಎಂದೆ.

"ಕರ್ಚೀಫಿಗೆ ಮಸಿ ಮಾತ್ರ ಗೊತ್ತಾಗೋದು ಕಣೇ. ಆ ಗಾಳಿಗೆ ಬಣ್ಣ ಇಲ್ಲ. ಗಂಟಲು, ಎದೆ ಎಲ್ಲ ಸುಡುತ್ತಂತೆ." ಇವರು ಅಮ್ಮ ಕೂತಿದ್ದ ಕೋಣೆಯ ಕಡೆ ನೋಡಿದರು. "ದಿನಾ ಅತ್ತೇನ ಕೂರಿಸಿ, ನಾವೇ ಕೂರಿಸಿ..."

ಗಿರಾಕಿಗಳಿಗೆ ತಾವಾಗಿ ಏನೂ ಹೇಳಕೂಡದು, ಯಾರಾದರೂ ಕೇಳಿದರೆ ಸರಿಮಾಡಿಕೊಡುತ್ತೇವೆ ಎನ್ನಬೇಕು ಎಂದು ಮ್ಯಾನೇಜರು ಎಲ್ಲರ ಬಾಯಿಗೂ ಬೀಗ ಹಾಕಿ ಕಳಿಸಿದ್ದರಂತೆ.

ನನಗೆ ಆಗ ಏನನ್ನಿಸಬೇಕಿತ್ತು? ಅಮ್ಮನ ಎದೆ ನೆನೆದು ಸಂಕಟವಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಬಂದ ಯೋಚನೆ ಬೇರೆ: ಇನ್ನು ಮೇಲೆ ನನ್ನನ್ನು ಮೊಂಡಿ ಎಂದು ಕರೆಯುವವರು ಯಾರು? ನಾನು ಕೈ ಚಾಚಿದೆ.

"ಕೀ ಕೊಡಿ. ಇವತ್ತೊಂದು ದಿನ. ಪಾಪ, ಅರ್ಧ ದಾರೀಲಿ ಇಳಿದು ಕೂತಿದಾಳೆ."

ಇವರು ಕೀಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮೇಲೆ ಕೈ ಇಟ್ಟುಕೊಂಡರು. "ಬೈಯಿ, ಹೊಡಿ, ಏನು ಬೇಕಾದ್ರೂ ಮಾಡು. ಕೀ ಮಾತ್ರ ಕೊಡಲ್ಲ."

ಒಳಗಿನಿಂದ ಅಮ್ಮನ ಕೆಮ್ಮು ಕೇಳಿಸಿತು. ಚಾಚಿದ ಕೈ ತಾನಾಗಿ ಕೆಳಗಿಳಿಯಿತು. ಇವರು ಮಾಡಿದ್ದು ಸರಿ ಎಂದು ಆ ಕ್ಷಣಕ್ಕೇ ಗೊತ್ತಾಯಿತು, ಅದರಿಂದಲೇ ಸಿಟ್ಟು ಇಮ್ಮಡಿಯಾಯಿತು. ನಂಬಿ ನಂಬಿಸಿದ್ದಕ್ಕೆ ಸಿಟ್ಟು, ಆ ಸುಳ್ಳಿನಿಂದಲೇ ನನಗೆ ಅಮ್ಮ ಸಿಕ್ಕಿದ್ದಕ್ಕೆ ಸಿಟ್ಟು, ಈಗ ಕಿತ್ತುಕೊಂಡಿದ್ದಕ್ಕೆ ಸಿಟ್ಟು. ಯಾವುದಕ್ಕೆಂದು ಬೈಯಲಿ? ಮಾತು ಬಿಟ್ಟೆ.

ಪೇಪರಿನಲ್ಲಿ ಒಳಪುಟದಲ್ಲೆಲ್ಲೋ ಎರಡು ಸಾಲು ಬಂತು, ಗಾಡಿಯ ಹೆಸರೂ ಇರಲಿಲ್ಲ. ಇವರು ಬಸ್ಸು ಹಿಡಿದು ಕೆಲಸಕ್ಕೆ ಹೋಗತೊಡಗಿದರು. ನಾನು ತಟ್ಟೆ ಇಡುತ್ತಿದ್ದೆ, ಇವರು ಉಣ್ಣುತ್ತಿದ್ದರು. ಏನಾದರೂ ಹೇಳಬೇಕಾದರೆ ಗೋಡೆಗೆ ಹೇಳುತ್ತಿದ್ದೆ. ಅಮ್ಮ ಮಾತ್ರ ಸಂಜೆಯಾಗುತ್ತಲೇ ಶಾಲು ಹೊದ್ದು ಶೆಡ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಇವತ್ತೂ ಗಾಡಿ ಇಲ್ವಾ ಸಿಸ್ಟರ್? ಮಗಳು ಏನಂದ್ಕೊಳ್ತಾಳೋ." ಕೆಮ್ಮು ಇಳಿಯುತ್ತ ಬಂತು, ಅವಳ ಮುಖವೂ ಅದರ ಜೊತೆಗೇ ಇಳಿಯುತ್ತ ಬಂತು. ಊಟ ಸೇರುತ್ತಿರಲಿಲ್ಲ.

ಗಾಡಿಯನ್ನು ಬೀದಿಗೆ ತಂದು, ಬಯಲಲ್ಲಿ ನಿಲ್ಲಿಸಿ ಚಾಲೂ ಮಾಡಬಹುದಲ್ಲ ಎಂದು ನಾನು ಗೋಡೆಗೆ ಹೇಳಿದೆ. ನಮ್ಮದು ಇಕ್ಕಟ್ಟಿನ ಬೀದಿ, ಎರಡೂ ಕಡೆ ಮಲಗುವ ಕೋಣೆಗಳ ಕಿಟಕಿ. "ಅತ್ತೆಗೆ ಬೇಡವಾಗಿದ್ದನ್ನ ಮೇಷ್ಟ್ರ ಮನೆಯವ್ರು ಉಸಿರಾಡ್ಬೇಕಾ?" ಎಂದು ಇವರೂ ಅದೇ ಗೋಡೆಗೆ ಹೇಳಿದರು.

ಇವರು ಸುಮ್ಮನೆ ಕೂರಲಿಲ್ಲ. ಮೊಬೈಲಿನಲ್ಲಿ ಯಾವುದೋ ಎಂಜಿನ್ನಿನ ಸದ್ದು ಹುಡುಕಿ ಸೀಟಿನ ಕೆಳಗಿಟ್ಟರು. ಅಮ್ಮ ಸ್ವಲ್ಪ ಹೊತ್ತು ಕಿವಿಗೊಟ್ಟು, "ಯಾರ ಮನೇಲೋ ಮಿಕ್ಸಿ ಓಡ್ತಿದೆ," ಎಂದಳು. ಇನ್ನೊಂದು ದಿನ ಶೋರೂಮಿನ ಟೈ ಕಟ್ಟಿಕೊಂಡೇ ಡಿಕ್ಕಿ ಹಿಡಿದು ಗಾಡಿಯನ್ನು ಕುಲುಕಿಸಿದರು. ಅಮ್ಮ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡು, "ಸಿಸ್ಟರ್, ಭೂಕಂಪ! ಎಲ್ರೂ ಹೊರಗೆ ಓಡಿ!" ಎಂದು ಕೂಗಿದಳು. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆ. ಆಗ ತುಟಿ ಕಚ್ಚಿಕೊಂಡು ಸುಮ್ಮನಿದ್ದೆ.

ಮುಂದಿನ ರಜೆಯ ದಿನ ಸಂಜೆ ಇವರು ಹಳೆಯ ಪ್ಯಾಂಟು ಹಾಕಿಕೊಂಡು ಶೆಡ್ಡಿಗೆ ಹೋದರು. ಶಟರನ್ನು ಪೂರ್ತಿ ಎತ್ತಿದರು. ಅಮ್ಮ ಆಗಲೇ ಚೀಲ ಹಿಡಿದು ಬಂದಾಗಿತ್ತು. ಇವರು ಅವಳ ಮುಂದೆ ಬಂದು ಕೈ ಕಟ್ಟಿ ನಿಂತರು.

"ಅಮ್ಮಾವ್ರೆ, ಗಾಡಿ ಸರಿ ಇಲ್ಲ. ಎಂಜಿನ್ ಹಾಕೋ ಹಾಗಿಲ್ಲ. ತಳ್ಕೊಂಡು ಹೋಗ್ತೀನಿ, ನಿಧಾನ ಆಗುತ್ತೆ. ಕೂತ್ಕೊಳ್ತೀರಾ?"

ಅಮ್ಮ ಇವರನ್ನು ನೋಡಿದಳು, ಗಾಡಿಯನ್ನು ನೋಡಿದಳು. "ನೀವೊಬ್ರೇನಾ ತಳ್ಳೋದು?"

"ಒಬ್ನೇ."

"ಸರಿ ಹಾಗಾದ್ರೆ. ನನಗೇನು ಅವಸರ ಇಲ್ಲ," ಎಂದು ಹತ್ತಿ ಕೂತಳು.

ಇವರು ಕೀಯನ್ನು ನನ್ನ ಕಡೆ ಚಾಚಿದರು. ನಾನು ಮಾತಾಡದೆ ತೆಗೆದುಕೊಂಡು ಮುಂದೆ ಕೂತೆ. ಸ್ಟೀರಿಂಗಿನ ಬೀಗ ಬಿಡುವಷ್ಟು ಕೀ ತಿರುಗಿಸಿ, ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸಿದೆ. ಇವರು ಮೊದಲು ಮುಂದಿನಿಂದ ತಳ್ಳಿ ಗಾಡಿಯನ್ನು ಬೀದಿಗಿಳಿಸಿದರು, ಆಮೇಲೆ ಹಿಂದೆ ಹೋಗಿ ಹೆಗಲು ಕೊಟ್ಟರು. ಎಂಜಿನ್ ಇಲ್ಲದ ಗಾಡಿಯ ಸ್ಟೀರಿಂಗ್ ಎಷ್ಟು ಬಿಗಿ ಎಂದು ನನಗೆ ಗೊತ್ತಿರಲಿಲ್ಲ. ಎರಡೂ ಕೈಯಿಂದ ಜಗ್ಗಬೇಕಾಯಿತು. ಚಕ್ರದ ಕೆಳಗೆ ಸಣ್ಣ ಕಲ್ಲುಗಳು ಸದ್ದು ಮಾಡಿದವು. ಸೀಟು ಮೆತ್ತಗೆ ಅದುರಿತು. ಎದುರುಸಾಲಿನ ಬಟ್ಟೆ ಇಸ್ತ್ರಿ ಮಾಡುವ ಅಂಗಡಿ, ಅದರ ಬಾಗಿಲಿಗೆ ನೇತುಹಾಕಿದ ಅಂಗಿಗಳು, ಕಾಂಪೌಂಡಿನ ಮೇಲೆ ಮಲಗಿದ್ದ ಬೆಕ್ಕು, ಎಲ್ಲ ಒಂದೊಂದಾಗಿ ನಿಧಾನಕ್ಕೆ ಹಿಂದೆ ಸರಿದವು. ಅಮ್ಮ ಕಿಟಕಿಯ ಗಾಜಿಗೆ ಹಣೆ ತಾಗಿಸಿಕೊಂಡಳು. ಬೆದರಲಿಲ್ಲ.

ಕನ್ನಡಿಯಲ್ಲಿ ಇವರ ಮುಖ ಕಾಣುತ್ತಿತ್ತು. ಬಗ್ಗಿದಾಗ ನೆತ್ತಿ, ಎದ್ದಾಗ ಕೆಂಪಾದ ಹಣೆ. ಇವರ ಕೂದಲು ಇಷ್ಟು ಕಡಿಮೆಯಾದದ್ದು ಯಾವಾಗ ಎಂದುಕೊಂಡೆ.

ಪಕ್ಕದ ಮನೆಯ ಮೇಷ್ಟ್ರು ಗೇಟಿನ ಬಳಿ ಗಿಡಕ್ಕೆ ನೀರು ಹಾಕುತ್ತಿದ್ದರು. "ಏನಪ್ಪಾ, ನಿನ್ನ ಗಾಡೀನೂ ಕೈಕೊಡ್ತಾ?" ಎಂದು ನಕ್ಕರು.

ಇವರು ನಿಂತರು. ನಾನು ಬ್ರೇಕ್ ಒತ್ತಿದೆ. ಹೌದು ಮೇಷ್ಟ್ರೆ ಎಂದು ಒಂದು ಮಾತು ಹೇಳಿ ಮುಂದೆ ಹೋಗಬಹುದಿತ್ತು.

"ಕೆಟ್ಟಿಲ್ಲ ಮೇಷ್ಟ್ರೆ. ಬೇಕೂಂತ್ಲೇ ಎಂಜಿನ್ ಹಾಕ್ತಿಲ್ಲ. ಪೇಪರ್ರಲ್ಲಿ ಬಂತಲ್ಲ, ಅದು ಈ ಗಾಡೀನೇ. ಹೊಗೆ ವಿಷಯ ನಾನು ನಿಮಗೆ ಹೇಳಿದ್ದೆಲ್ಲ ಸುಳ್ಳು. ಅದರ ಯಂತ್ರ ಪರೀಕ್ಷೇಲಿ ಮಾತ್ರ ಕೆಲಸ ಮಾಡುತ್ತೆ. ನಿಂತಾಗ ಚಾಲೂ ಇಡಲೇಬೇಡಿ, ಶೆಡ್ಡೊಳಗೆ, ಮನೆ ಕಿಟಕಿ ಹತ್ರ ಅಂತೂ ಬೇಡ್ವೇ ಬೇಡ. ನಮ್ಮತ್ತೆ ಎದೆ ಹಾಳಾಗಿದ್ದು ಅದರಿಂದ್ಲೇ."

ಮೇಷ್ಟ್ರು ನೀರಿನ ಕೊಳವೆಯನ್ನು ಕೆಳಗಿಟ್ಟರು. ನೀರು ಅವರ ಕಾಲ ಮೇಲೇ ಹರಿಯುತ್ತಿತ್ತು. "ಮಾರೋವಾಗ ಗೊತ್ತಿತ್ತಾ ನಿನಗೆ?"

"ಇಲ್ಲ."

"ಯಾವಾಗ ಗೊತ್ತಾಯ್ತು?"

"ವಾರ ಆಯ್ತು."

"ಹಾಗಾದ್ರೆ ಈ ಒಂದು ವಾರದ ತಪ್ಪು ನಿನ್ನದು," ಎಂದರು ಮೇಷ್ಟ್ರು. "ನನ್ನ ಮೊಮ್ಮಗು ಮೊನ್ನೆ ತಾನೇ ಬಂದು ಹೋಯ್ತು. ಗಾಡಿ ಚಾಲೂ ಮಾಡಿ ಅದರ ಹಿಂದೇನೇ ಆಡಿಸ್ತಿದ್ದೆ ನಾನು. ಒಂದು ಮಾತು ಹೇಳ್ಬಾರ್ದಿತ್ತೇನೋ?"

"ಹೇಳ್ಬೇಕಿತ್ತು. ಹೇಳ್ಬೇಡಿ ಅಂತ ಆಫೀಸಲ್ಲಿ ಹೇಳಿದ್ರು, ಹೆದರಿದೆ. ನಾಳೆಯಿಂದ ನಾನು ಮಾರಿದ ಮನೆಗಳಿಗೆಲ್ಲ ಹೋಗಿ ಹೇಳ್ತೀನಿ."

"ಕೆಲಸ ಹೋಗುತ್ತೆ."

"ಹೋಗ್ಬಹುದು ಮೇಷ್ಟ್ರೆ."

ಮೇಷ್ಟ್ರು ನಲ್ಲಿ ನಿಲ್ಲಿಸಿ ಮನೆಯೊಳಗೆ ಹೋದರು. ಮುಗಿಯಿತು, ಇನ್ನು ಇವರ ಮುಖ ನೋಡುವುದಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು, ತೋಳು ಮಡಚುತ್ತ ಹೊರಬಂದು, ಡಿಕ್ಕಿಯ ಇನ್ನೊಂದು ತುದಿಗೆ ಕೈ ಕೊಟ್ಟರು.

"ನಿನ್ನ ಮೇಲೆ ನನಗೆ ಕೆಂಡದಂಥ ಸಿಟ್ಟಿದೆ. ಅದು ಬೇರೆ. ತಳ್ಳೀಗ, ಅವ್ರು ಕಾಯ್ತಿದಾರೆ."

ಔಷಧಿ ಅಂಗಡಿಯ ಮೂಲೆಯವರೆಗೂ ತಳ್ಳಿ, ಅಲ್ಲಿ ತಿರುಗಿಸಿಕೊಂಡು ಬಂದರು. ಮೇಷ್ಟ್ರು ದಾರಿಯುದ್ದಕ್ಕೂ ಏದುಸಿರು ಬಿಡುತ್ತ ಬೈಯುತ್ತಲೇ ಇದ್ದರು. ಇವರು "ಹೌದು ಮೇಷ್ಟ್ರೆ, ಹೌದು ಮೇಷ್ಟ್ರೆ" ಎನ್ನುತ್ತಲೇ ಇದ್ದರು. ನಾನು ಸ್ಟೀರಿಂಗ್ ಹಿಡಿದು ಕನ್ನಡಿ ನೋಡುತ್ತಿದ್ದೆ. ನಮ್ಮ ಮನೆಯ ಮುಂದೆ ಗಾಡಿ ನಿಂತಾಗ ಅಮ್ಮನ ಬೆರಳುಗಳ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದೆ.

"ಬಂದ್ವಿ ಅಮ್ಮಾವ್ರೆ," ಎಂದು ಬಾಗಿಲು ತೆಗೆದು, ಶೆಡ್ಡಿನೊಳಗಿಂದ, ಅಡುಗೆಮನೆಯಿಂದ ಓಡಿದೆ. ಮುಂಬಾಗಿಲ ಚಿಲಕದ ಮೇಲೆ ಕೈಯಿಟ್ಟು ಕಾದೆ. ಗಂಟೆಯ ಸದ್ದಾಗಲಿಲ್ಲ. ಆಚೆಯಿಂದ ಚಪ್ಪಲಿಯ ಸದ್ದು ಬಂದು ನಿಂತಿತು. ಇನ್ನು ತಡೆಯಲಾರದೆ ನಾನೇ ತೆಗೆದೆ.

ಅಮ್ಮ ಗಂಟೆಯ ಕಡೆಗೆ ಬೆರಳು ಚಾಚಿ ನಿಂತಿದ್ದಳು.

"ಅಯ್ಯೋ ಮೊಂಡೀ, ಬಾಗಿಲ ಹಿಂದೇನೇ ಕಾಯ್ತಿದ್ಯೇನೇ?"

ಅವಳು ಕೆಮ್ಮಲಿಲ್ಲ. ಅವಳ ಕಣ್ಣಲ್ಲಿ ನೀರಿರಲಿಲ್ಲ, ಎಲ್ಲ ನನ್ನ ಕಣ್ಣಲ್ಲೇ ಇತ್ತು. ಕೈ ಹಿಡಿದು ಒಳಗೆ ಕರೆದುಕೊಂಡು ಬಂದು ಕೂರಿಸಿ, ಟೀ ಮಾಡಿ ಕೊಟ್ಟೆ. ಅವಳು ಎರಡು ಗುಟುಕು ಕುಡಿದು, ಸಕ್ಕರೆ ಕಡಿಮೆ ಎಂದಳು. ಆಮೇಲೆ ನನ್ನ ಕಡೆಗೆ ವಾಲಿ, ಗುಟ್ಟು ಹೇಳುವವಳ ಹಾಗೆ ದನಿ ತಗ್ಗಿಸಿದಳು.

"ಆ ಡ್ರೈವರಮ್ಮನ್ನ ಕೆಲಸದಿಂದ ಬಿಡಿಸಿಬಿಡೇ."

"ಯಾಕಮ್ಮ? ಸರಿಯಾಗಿ ಓಡಿಸ್ಲಿಲ್ವಾ?"

"ಓಡಿಸೋದೇನೋ ಓಡಿಸ್ತಾಳೆ. ಆದ್ರೆ ಕಲ್ಲು ಕಣೇ ಅವ್ಳು. ಆ ಮನುಷ್ಯ ಪಾಪ, ಗಾಡಿ ಸರಿ ಇಲ್ಲ ಅಂತ ಮೊದ್ಲೇ ಹೇಳಿ ಕೂರಿಸ್ಕೊಂಡ. ಮುಚ್ಚಿಡ್ಲಿಲ್ಲ. ಅಷ್ಟು ದೂರ ಬೆನ್ನು ಬಗ್ಗಿಸಿ ತಳ್ಕೊಂಡು ಬಂದ. ಯಾರೋ ಒಬ್ರು ವಯಸ್ಸಾದೋರು ಅವನನ್ನ ಬೈದ್ರು, ಬೈತಾ ಬೈತಾನೇ ಜೊತೆಗೆ ತಳ್ಳಿದ್ರು. ಇವ್ಳು ಮಾತ್ರ ಕನ್ನಡೀಲಿ ಅವನನ್ನೇ ನೋಡ್ತಾ ಕೂತಿದ್ಲು, ಒಂದು ಮಾತಿಲ್ಲ. ಬೈಯೋಕಾದ್ರೂ ಬಾಯಿ ಬಿಡ್ಬೇಕಲ್ವೇನೇ?"

ನಾನು ಅವಳ ಕೈಯಿಂದ ಖಾಲಿ ಲೋಟ ತೆಗೆದುಕೊಂಡೆ.

"ನಾನು ಹೇಳ್ತೀನಮ್ಮ ಅವಳಿಗೆ."

"ಈಗ್ಲೇ ಹೋಗಿ ಹೇಳು," ಎಂದಳು ಅಮ್ಮ. "ಆಮೇಲೆ ಮರೆತುಹೋಗುತ್ತೆ."

ಎದ್ದು ಹೊರಗೆ ಹೋದೆ. ಮೇಷ್ಟ್ರು ತಮ್ಮ ಮನೆಗೆ ಹೋಗಿಯಾಗಿತ್ತು. ಇವರು ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಕೆಂಪಾದ ಅಂಗೈಗಳನ್ನು ಊದಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಹೋಗಿ ಕೂತೆ.

"ರೀ," ಎಂದೆ. ಇವರು ತಲೆ ಎತ್ತಿ ನೋಡಿದರು. ಮುಂದೇನು ಹೇಳಬೇಕೆಂದು ಗೊತ್ತಾಗದೆ, ಬೈಯಲು ಶುರುಮಾಡಿದೆ.